ಬಿಂಬ ಇಳಿಸಿಕೊಂಡರೆ ಕನಲೆಟ್ಟೊ ಆಗುತ್ತದೆಯೇ?

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ 18ನೇ ಶತಮಾನದ ಇಟಲಿಯ ಚಿತ್ರಕಾರ ಕನಲೆಟ್ಟೊನ ಸಣ್ಣ ವೆನಿಸ್ ಚಿತ್ರ ನೋಡಿದೆ. ಆತ ಕ್ಯಾಮೆರಾ ಅಬ್ಸ್ಕ್ಯೂರದ (ಎದುರಿನ ನೋಟವನ್ನು ಗಾಜಿನ ಮೇಲೆ ಮೂಡಿಸುವ ಪೆಟ್ಟಿಗೆ) ಬಿಂಬದ ಮೇಲೆ ಗೆರೆ ಎಳೆದು ಬಣ್ಣ ತುಂಬುತ್ತಿದ್ದನಂತೆ. ಹಾಗಾದರೆ ಕಲಾವಿದನ ಪಾಲೇನು? ಅದೇ ಅಳತೆಯ ಕ್ಯಾನ್ವಾಸಿನಲ್ಲಿ ಅಕ್ರಿಲಿಕ್‌ ಬಳಸಿ ನಕಲು ಮಾಡಿದರೆ ನನ್ನ ಕಮಾನುಗಳ ಗೆರೆ ಒಡೆಯುವುದೇಕೆ?

ಉತ್ತರ: ಆ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯದು, ಸುಮಾರು 1756ರದು. ಎತ್ತರ 46 ಸೆಂ.ಮೀ., ಅಗಲ 38. ಇಷ್ಟರೊಳಗೆ ಒಂದು ಬದಿಗೆ ಕಂಬಸಾಲು, ಇನ್ನೊಂದು ಬದಿಗೆ ಸಾನ್ ಮಾರ್ಕೊ ಚೌಕ, ಅದರಾಚೆ ಬಸಿಲಿಕಾ, ಅಂದರೆ ದೊಡ್ಡ ಚರ್ಚು. ಇದೆಲ್ಲ ಆ ಪೆಟ್ಟಿಗೆಯ ಒಂದೇ ಬಿಂಬದಲ್ಲಿ ಹಿಡಿಯುವುದು ಕಷ್ಟ. ಗಾಜಿನ ಮೇಲೆ ಮೂಡುವ ಬಿಂಬ ಚಿಕ್ಕದು, ಮಂಕು, ಅಂಚಿನಲ್ಲಿ ಮಸುಕು. ಪೆಟ್ಟಿಗೆಯನ್ನು ಪಕ್ಕಕ್ಕೆ ತಿರುಗಿಸಿದರೆ ಹೊಸ ಬಿಂಬಕ್ಕೆ ಬೇರೆಯದೇ ವ್ಯಾನಿಶಿಂಗ್ ಪಾಯಿಂಟ್ (ದೂರಕ್ಕೆ ಸಾಗುವ ಗೆರೆಗಳು ಸೇರುವಂತೆ ಕಾಣುವ ಬಿಂದು). ಎರಡನ್ನು ಹಾಗೆಯೇ ಅಂಟಿಸಿದರೆ ಸೂರು ಮುರಿದಂತೆ ಕಾಣುತ್ತದೆ.

ಆ ಜೋಡಣೆಯೇ ಆತನ ಕೆಲಸ. ವೆನಿಸ್‌ನ ಅಕಾಡೆಮಿಯಾ ಕಲಾ ಸಂಗ್ರಹಾಲಯದಲ್ಲಿ ಆತನ ಸ್ಕೆಚ್ ಪುಸ್ತಕ ಉಳಿದಿದೆ. ಕಾಲುವೆ ದಡದ ಮನೆಗಳು ಪುಟದಿಂದ ಪುಟಕ್ಕೆ ಸಾಗುತ್ತವೆ. ಗೋಡೆಯ ಬಣ್ಣವನ್ನೂ ಪಕ್ಕದಲ್ಲೇ ಗುರುತು ಹಾಕಿದ್ದಾನೆ. ಪೆಟ್ಟಿಗೆ ನೆರವಾಗಿದ್ದರೆ ಈ ಹಂತಕ್ಕೆ ಮಾತ್ರ. ಮುಂದಿನದು ಸ್ಟುಡಿಯೊದಲ್ಲಿ, ಸ್ಕೇಲು ಕೈವಾರದಿಂದ. ಅಪ್ಪ ರಂಗಭೂಮಿಯ ಪರದೆ ಬರೆಯುತ್ತಿದ್ದವನು. ಪರ್ಸ್ಪೆಕ್ಟಿವ್, ಅಂದರೆ ದೂರ ಹತ್ತಿರಗಳನ್ನು ಗೆರೆಯಲ್ಲಿ ತೋರಿಸುವ ಕಲೆ, ಮನೆಯ ವಿದ್ಯೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಆತನ ಸಾನ್ ಮಾರ್ಕೊ ಚಿತ್ರದಲ್ಲಿ ಗಂಟೆಗೋಪುರದ ಕಿಟಕಿಗಳನ್ನು ಕಡಿಮೆ ಮಾಡಿದ್ದಾನೆ, ಬಾವುಟದ ಕಂಬಗಳನ್ನು ಉದ್ದ ಮಾಡಿದ್ದಾನೆ. ಬಿಂಬ ನೋಡಿ ಬರೆದವನಿಗೆ ಆ ಧೈರ್ಯವೆಲ್ಲಿ!

ಇನ್ನು ನಿಮ್ಮ ಕಮಾನು. ಚಿತ್ರದಲ್ಲಿ ಗೋಡೆಗೆ ಹಚ್ಚಿದ ಎಣ್ಣೆಬಣ್ಣ ಇನ್ನೂ ಹಸಿಯಿರುವಾಗ ಮೊನೆಯಿಂದ ಒತ್ತಿ ಗೆರೆ ಕೊರೆಯುವುದು ಕನಲೆಟ್ಟೊನ ಅಭ್ಯಾಸ. ಅಕ್ರಿಲಿಕ್ ನಿಮಿಷಗಳಲ್ಲಿ ಒಣಗುವುದರಿಂದ ಈ ಉಪಾಯ ನಿಮಗೆ ಸಿಗದು. ಗೆರೆ ಒಡೆಯುವುದಕ್ಕೆ ಮುಖ್ಯ ಕಾರಣ ಮಾತ್ರ ಬಟ್ಟೆಯ ನೇಯ್ಗೆ. ಅಂಗಡಿಯ ಸಾಧಾರಣ ಕ್ಯಾನ್ವಾಸಿನ ಎಳೆ ದಪ್ಪ, ಒಂದು ಮಿ.ಮೀ. ಗೆರೆ ಎಳೆಯ ನೆತ್ತಿಯನ್ನಷ್ಟೇ ಮುಟ್ಟಿ ಹಳ್ಳ ಬಿಡುತ್ತದೆ. ಕ್ಯಾನ್ವಾಸಿನ ಬದಲು ಹಲಗೆ ಬಳಸಿ. ಅದಕ್ಕೆ ನಾಲ್ಕು ಕೈ ಗೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಲೇಪ) ಬಳಿದು, ಪ್ರತಿ ಕೈ ಒಣಗಿದ ಮೇಲೆ 400 ನಂಬರಿನ ಉಜ್ಜುಕಾಗದದಿಂದ ನಯ ಮಾಡಿ. ಮೇಲೆ ತೆಳು ಬೂದು ಬಣ್ಣ ಹಚ್ಚಿ. ಬಿಳಿ ತಳದ ಮೇಲೆ ನೆರಳಿನ ಗಾಢತೆ ಅಂದಾಜು ಸಿಗುವುದಿಲ್ಲ.

ರೇಖಾಚಿತ್ರವನ್ನು ಮೊದಲು ಕಾಗದದಲ್ಲಿ ಮುಗಿಸಿ. ಕಂಬಸಾಲಿನ ಗೆರೆಗಳು ಸೇರುವಲ್ಲಿ ಗುಂಡುಸೂಜಿ ಚುಚ್ಚಿ, ದಾರ ಎಳೆದು ನೋಡಿದರೆ ಒಂದೊಂದು ಕಮಾನಿನ ಎತ್ತರವೂ ಸಿಗುತ್ತದೆ. ಬಣ್ಣದ ಗೆರೆಗೆ ಒಂದನೇ ನಂಬರಿನ ರಿಗ್ಗರ್ ಬ್ರಷ್ (ಉದ್ದ ಕೂದಲಿನ ಸಣ್ಣ ಬ್ರಷ್), ಹಾಲಿನಷ್ಟು ತೆಳು ಬಣ್ಣ. ಸ್ಕೇಲನ್ನು ಹಲಗೆಗೆ ಒತ್ತಿಟ್ಟರೆ ಬಣ್ಣ ಅದರಡಿಗೆ ನುಗ್ಗಿ ಹರಡುತ್ತದೆ. ಸ್ಕೇಲಿನ ಅಡಿಯಲ್ಲಿ ಎರಡು ನಾಣ್ಯ ಅಂಟಿಸಿ ಎತ್ತರಿಸಿಕೊಳ್ಳಿ. ಆಕಾಶಕ್ಕೆ ಆತ ಬಳಸಿದ್ದು ಪ್ರಷ್ಯನ್ ಬ್ಲೂ, ಸೀಸದ ಬಿಳಿ. ಸೀಸ ವಿಷ, ಬೇಡ. ಟೈಟಾನಿಯಂ ಬಿಳಿ ಸಾಕು, ಆದರೆ ಅದರ ಛಾಯೆ ತುಸು ನೀಲಿಯತ್ತ, ತಣ್ಣಗೆ. ಚಿಟಿಕೆ ಯೆಲ್ಲೊ ಓಕರ್ (ಮಣ್ಣಿನ ಹಳದಿ) ಬೆರೆಸಿ.

ಜನರನ್ನು ಕಟ್ಟಡ ಪೂರ್ತಿ ಒಣಗಿದ ಮೇಲೆ, ಗಟ್ಟಿ ಬಣ್ಣದ ಚುಕ್ಕೆಗಳಲ್ಲಿ ಇಡಿ. ಈ ಕೊನೆಗಾಲದ ಚಿತ್ರಗಳಲ್ಲಿ ಆ ಚುಕ್ಕೆಗಳು ಯಾಂತ್ರಿಕವಾಗಿವೆ ಎಂಬುದು ನಮ್ಮ ಅಭಿಪ್ರಾಯ. ಅವುಗಳನ್ನು ಕಲಿಯಲು 1720ರ ದಶಕದ ಚಿತ್ರಗಳನ್ನೇ ನೋಡಿ.