ಮಕ್ಕಳ ಮಾತು, ಅಪ್ಪನ ನಗು: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿ ಪುಟ್ಟ ಮಕ್ಕಳೊಡನೆ ನಡೆಯುವ ನಗುವಿನ ಪ್ರಸಂಗಗಳನ್ನು ಬರೆದು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ತಂದೆಯಂದಿರನ್ನು ಕೋರಿದ್ದೆವು. ಬಂದ ಪತ್ರಗಳನ್ನು ಓದುತ್ತ ನಕ್ಕಿದ್ದೂ ನಿಜ. ಆದರೆ ಹೆಚ್ಚಿನ ಪತ್ರಗಳ ಕೊನೆಯಲ್ಲಿ ಒಂದು ಅಳುಕು, ಒಂದು ಪ್ರಶ್ನೆ ಇದ್ದೇ ಇತ್ತು. ಅಂಥ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಮಕ್ಕಳ ಹೆಸರುಗಳನ್ನೂ ಪತ್ರ ಬರೆದವರ ಹೆಸರುಗಳನ್ನೂ ಬೇಕೆಂದೇ ಕೈಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗಳಿಗೆ ಮೂರೂವರೆ ವರ್ಷ. ಹುಣ್ಣಿಮೆಯ ರಾತ್ರಿ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಜ್ಜಿಯ ಮನೆಯಿಂದ ಬರುತ್ತಿದ್ದೆ. ದಾರಿಯಲ್ಲಿ, “ಅಪ್ಪಾ, ಸ್ವಲ್ಪ ನಿಧಾನ ಹೋಗು, ಚಂದಮಾಮನಿಗೆ ಓಡಿ ಓಡಿ ಸುಸ್ತಾಗ್ತಿದೆ” ಎಂದಳು. ಮನೆಗೆ ಬಂದು ಎಲ್ಲರೆದುರು ಅದನ್ನು ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿ, ಬಾಗಿಲ ಹಿಂದೆ ಹೋಗಿ ನಿಂತು ಅತ್ತಳು. ನಾವು ನಕ್ಕಿದ್ದು ಪ್ರೀತಿಯಿಂದಲೇ. ಅವಳಿಗೇಕೆ ಅಷ್ಟು ನೋವಾಯಿತು? — ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳು ತಮಾಷೆ ಮಾಡಿರಲಿಲ್ಲ, ಅವಳಿಗೆ ಚಂದ್ರನ ಬಗ್ಗೆ ನಿಜವಾಗಿಯೂ ಕಳವಳವಾಗಿತ್ತು. ಅವಳು ಏನೇನು ಗಮನಿಸಿದಳು ಎಂಬುದನ್ನು ಒಮ್ಮೆ ಯೋಚಿಸಿ. ದಾರಿ ಬದಿಯ ಮರ, ಮನೆ, ಲೈಟು ಕಂಬಗಳೆಲ್ಲ ಹಿಂದಕ್ಕೆ ಸರಿಯುತ್ತಿವೆ, ಚಂದ್ರ ಮಾತ್ರ ಸರಿಯುತ್ತಿಲ್ಲ. ನಮ್ಮ ಜೊತೆಯಲ್ಲೇ ಇರಬೇಕಾದರೆ ಅವನೂ ನಮ್ಮಷ್ಟೇ ವೇಗವಾಗಿ ಬರುತ್ತಿರಬೇಕು. ಅವನಿಗೆ ಸ್ಕೂಟರಿಲ್ಲ, ಆದ್ದರಿಂದ ಓಡಿಯೇ ಬರುತ್ತಿರಬೇಕು. ಓಡಿದವರಿಗೆ ಸುಸ್ತಾಗುತ್ತದೆ. ಮೂರೂವರೆ ವರ್ಷದ ಮಗುವಿಗೆ ತಿಳಿದಿರುವಷ್ಟರಲ್ಲಿ ಇದರಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸೂರ್ಯ ಚಂದ್ರರ ಬಗ್ಗೆ ಪ್ರಶ್ನಿಸಿದಾಗ, ತಾವು ನಡೆದರೆ ಚಂದ್ರನೂ ತಮ್ಮ ಹಿಂದೆಯೇ ಬರುತ್ತಾನೆಂದು ಆ ಮಕ್ಕಳೂ ಹೇಳಿದ್ದರು. ಚಂದ್ರ ನಮ್ಮಿಂದ ಸುಮಾರು 3,84,000 ಕಿಲೋಮೀಟರ್ ದೂರದಲ್ಲಿರುವುದರಿಂದ ನಾವು ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೂ ಅವನು ಕಾಣುವ ದಿಕ್ಕು ಬದಲಾದಂತೆ ತೋರುವುದಿಲ್ಲ. ಈ ಲೆಕ್ಕವನ್ನು ಅವಳಿಗೆ ಈಗಲೇ ಒಪ್ಪಿಸುವ ಅಗತ್ಯವಿಲ್ಲ, ಅವಳು ಶಾಲೆಯಲ್ಲಿ ಕಲಿಯುತ್ತಾಳೆ.

ಕೋಣೆ ತುಂಬ ದೊಡ್ಡವರು ತನ್ನನ್ನು ನೋಡಿ ನಗುತ್ತಿದ್ದಾರೆಂಬುದು ಆ ವಯಸ್ಸಿನ ಮಗುವಿಗೆ ಚೆನ್ನಾಗಿ ತಿಳಿಯುತ್ತದೆ; ಆ ನಗುವಿನೊಳಗೆ ಪ್ರೀತಿಯಿದೆ ಎಂಬುದು ತಿಳಿಯುವುದಿಲ್ಲ. ಮಕ್ಕಳು ನಗಿಸಲೆಂದೇ ಆಡಿದ ಮಾತನ್ನೂ ಮನಸ್ಸಿಟ್ಟು ಆಡಿದ ಮಾತನ್ನೂ ತಂದೆಯಾದವನು ಬೇರೆ ಬೇರೆಯಾಗಿ ಗುರುತಿಸಲೇಬೇಕೆಂದು ನಾನು ಬಲವಾಗಿ ನಂಬಿದ್ದೇನೆ, ಮತ್ತು ಇದು ಕಷ್ಟದ ಕೆಲಸವೇನಲ್ಲ. ನಗಿಸಲು ಹೊರಟ ಮಗು ಮಾತು ಮುಗಿಯುವ ಮೊದಲೇ ನಿಮ್ಮ ಮುಖ ನೋಡುತ್ತದೆ, ತುಟಿ ಬಿಗಿಹಿಡಿದು ನಿಮಗಾಗಿ ಕಾಯುತ್ತದೆ. ಮನಸ್ಸಿಟ್ಟು ಮಾತಾಡುವ ಮಗು ನಿಮ್ಮ ಮುಖವನ್ನಲ್ಲ, ತಾನು ಹೇಳುತ್ತಿರುವ ವಸ್ತುವನ್ನೇ ನೋಡುತ್ತಿರುತ್ತದೆ. ಮೊದಲನೆಯದಕ್ಕೆ ಹೊಟ್ಟೆ ತುಂಬ ನಗಿ. ಎರಡನೆಯದಕ್ಕೆ ನಗು ತಡೆದುಕೊಂಡು ಒಂದು ಪ್ರಶ್ನೆ ಕೇಳಿ. “ಹೌದಾ? ನಾವು ನಿಂತರೆ ಅವನೂ ನಿಲ್ಲುತ್ತಾನಾ, ನೋಡೋಣವಾ?” ಎಂದು ಸ್ಕೂಟರನ್ನು ಬದಿಗೆ ನಿಲ್ಲಿಸಿದರೆ ಅವಳಿಗೆ ಆಗುವ ಸಂತೋಷವೇ ಬೇರೆ.

ಅಂದ ಹಾಗೆ, ನಾಲ್ಕು ವರ್ಷದೊಳಗಿನ ಮಗು ಜೊತೆಯಲ್ಲಿದ್ದಾಗ ದ್ವಿಚಕ್ರ ವಾಹನ ಗಂಟೆಗೆ 40 ಕಿಲೋಮೀಟರ್ ಮೀರಬಾರದು, ಮಗುವಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಬಿಗಿಯುವ ಸುರಕ್ಷತಾ ಪಟ್ಟಿ ಇರಲೇಬೇಕು ಎಂದು 2022ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ನಿಧಾನ ಹೋಗು ಎಂಬ ಅವಳ ಮಾತನ್ನು ದಯವಿಟ್ಟು ಪಾಲಿಸಿ.

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಅಕ್ಕನ ತಟ್ಟೆಯಲ್ಲಿ ದೋಸೆ ಮೂರು ತುಂಡಾಗಿತ್ತು. ತನಗೆ ಒಂದೇ ದೋಸೆ, ಅಕ್ಕನಿಗೆ ಮೂರು ಎಂದು ಇವನು ರಂಪ ಮಾಡಿದ. ನಾನು ಇವನ ದೋಸೆಯನ್ನು ನಾಲ್ಕು ತುಂಡು ಮಾಡಿಕೊಟ್ಟೆ. ಗೆದ್ದವನಂತೆ ತಿಂದ. ಅಕ್ಕ “ಪೆದ್ದ” ಎಂದು ನಕ್ಕಳು, ನನಗೂ ನಗು ತಡೆಯಲಾಗಲಿಲ್ಲ. ಆಮೇಲೆ, ಮಗುವಿಗೆ ಮೋಸ ಮಾಡಿದೆನೇನೋ ಎನಿಸಿತು. — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇದು ಮೋಸವಲ್ಲ. ಅವನ ಪಾಲಿನಲ್ಲಿ ಒಂದು ಚೂರೂ ಕಡಿಮೆಯಾಗಿಲ್ಲ, ಅವನಿಗೆ ಅರ್ಥವಾಗುವ ರೀತಿಯಲ್ಲಿ ನೀವು ನ್ಯಾಯ ಮಾಡಿದ್ದೀರಿ. ಆಕಾರ ಬದಲಾದರೂ ಪ್ರಮಾಣ ಬದಲಾಗದು ಎಂಬ ತಿಳಿವಳಿಕೆ ಸಾಮಾನ್ಯವಾಗಿ ಆರು–ಏಳು ವರ್ಷದ ಹೊತ್ತಿಗೆ ಮೂಡುತ್ತದೆ. ಮೇಲೆ ಹೇಳಿದ ಪಿಯಾಜೆಯವರೇ ಇದನ್ನು ತೋರಿಸಿಕೊಟ್ಟದ್ದು: ಅಗಲವಾದ ಲೋಟದ ನೀರನ್ನು ಮಗುವಿನ ಕಣ್ಣೆದುರೇ ಉದ್ದನೆಯ ಕಿರಿದಾದ ಲೋಟಕ್ಕೆ ಸುರಿದರೂ, ನೀರಿನ ಮಟ್ಟ ಮೇಲಕ್ಕೇರಿದ ಕಾರಣ ನೀರು ಹೆಚ್ಚಾಯಿತೆಂದೇ ನಾಲ್ಕೈದು ವರ್ಷದ ಮಗು ಹೇಳುತ್ತದೆ. ನಿಮ್ಮ ಮನೆಯ ಲೋಟಗಳಲ್ಲೇ ನೀವು ಇದನ್ನು ನೋಡಬಹುದು. ಆದರೆ ಈ ಉಪಾಯವನ್ನು ಅರ್ಧ ದೋಸೆ ಕೊಟ್ಟು ಸಮಾಧಾನಪಡಿಸಲು ಬಳಸಬೇಡಿ. ಅದು ಮೋಸವೇ ಆಗುತ್ತದೆ.

ನಾನು ಹೆಚ್ಚು ಯೋಚಿಸಿದ್ದು ಅಕ್ಕನ ಮಾತಿನ ಬಗ್ಗೆ. ನಾಲ್ಕು ವರ್ಷದವಳಿದ್ದಾಗ ಅವಳೂ ಹೀಗೆಯೇ ಎಣಿಸುತ್ತಿದ್ದಳು. ಇದನ್ನು ಅವಳಿಗೆ ತಮ್ಮನಿಲ್ಲದ ಹೊತ್ತಿನಲ್ಲಿ ಹೇಳಿ, ಲೋಟದ ಪ್ರಯೋಗವನ್ನು ಅವಳ ಕೈಯಿಂದಲೇ ಮಾಡಿಸಿ. ಎಂಟು ವರ್ಷದ ಹುಡುಗಿಗೆ ತಮ್ಮನನ್ನು ಹಂಗಿಸುವುದಕ್ಕಿಂತ, ಅವನಿಗೆ ಈ ವಿಷಯ ಯಾವಾಗ ತಿಳಿಯುತ್ತದೆಂದು ಕಾದು ನೋಡುವುದು ಹೆಚ್ಚು ಹೆಮ್ಮೆಯ ಕೆಲಸವಾಗುತ್ತದೆ.

ಪ್ರಶ್ನೆ: ಅಜ್ಜಿ ನನ್ನ ಐದೂವರೆ ವರ್ಷದ ಮಗನಿಗೆ “ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ” ಎಂಬ ಮಲ್ಲಿಗೆಯ ಒಗಟನ್ನು ಕಲಿಸಿದರು. ಈಗ ಅವನೇ ಒಗಟು ಕಟ್ಟುತ್ತಾನೆ. “ಬಿಳಿ ತಟ್ಟೆಯ ಮೇಲೆ ಚಟ್ನಿ ಚೆಲ್ಲಿದೆ, ಏನದು?” ಎನ್ನುತ್ತಾನೆ. ಗೊತ್ತಿಲ್ಲ ಎಂದರೆ, “ಚಟ್ನಿ!” ಎಂದು ಕೂಗಿ ನೆಲದ ಮೇಲೆ ಉರುಳಾಡಿ ನಗುತ್ತಾನೆ. ಬೆಳಗಿನಿಂದ ರಾತ್ರಿಯವರೆಗೂ ಇದೇ. ಪ್ರತಿ ಸಲವೂ ನಗಬೇಕೇ? ಬರದ ನಗುವನ್ನು ನಟಿಸುವುದು ಸರಿಯೇ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗನ ಒಗಟನ್ನು ಓದಿ ನಾನು ಮನಸಾರೆ ನಕ್ಕೆ. ದಾವಣಗೆರೆಯ ಮಗುವಿನ ವಿಷಯದಲ್ಲಿ ಹೇಳಿದ್ದಕ್ಕೆ ಇದು ಪೂರ್ತಿ ಬೇರೆಯಾದ ಪ್ರಸಂಗ. ಇಲ್ಲಿ ಮಗು ನಗಿಸಲೆಂದೇ ಹೊರಟಿದ್ದಾನೆ. ಒಗಟಿಗೊಂದು ಆಕಾರವಿದೆ ಎಂಬುದನ್ನು ಅವನು ಹಿಡಿದುಬಿಟ್ಟಿದ್ದಾನೆ: ಒಂದು ಚಿತ್ರ, ಒಂದು ಪ್ರಶ್ನೆ, ಕೇಳಿದವನು ಸೋಲುವಷ್ಟು ಹೊತ್ತಿನ ಮೌನ, ಆಮೇಲೆ ಉತ್ತರ, ನಗು. ಒಳಗಿನ ತಿರುಳು ಮಾತ್ರ, ಅಂದರೆ ಮೊಸರೆಂದು ಹೇಳಿದ್ದು ಮೊಸರಲ್ಲ ಎಂಬ ಗುಟ್ಟು, ಇನ್ನೂ ಕೈಗೆ ಸಿಕ್ಕಿಲ್ಲ. ಸಾಮಾನ್ಯವಾಗಿ ಐದರಿಂದ ಏಳು ವರ್ಷದೊಳಗೆ ಅದೂ ಸಿಗುತ್ತದೆ, ಸಿಕ್ಕ ಮೇಲೆ ಚಟ್ನಿಯ ಒಗಟು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಅವನ ಒಗಟುಗಳನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ನಗುವನ್ನು ನಟಿಸಬೇಡಿ. ಮಕ್ಕಳಿಗೆ ಅದು ಬಹುಬೇಗ ತಿಳಿಯುತ್ತದೆ, ತಿಳಿದರೆ ಪೆಚ್ಚಾಗುತ್ತಾರೆ. ನಗು ಬರದಿದ್ದಾಗ ತಪ್ಪು ಉತ್ತರ ಕೊಡಿ. “ಚಟ್ನಿ ಚೆಲ್ಲಿದೆ, ಏನದು?” ಎಂದರೆ “ಸಾಂಬಾರ್” ಎನ್ನಿ, ಅವನು “ಅಲ್ಲ!” ಎಂದರೆ “ಹಾಗಾದರೆ ಸಾಂಬಾರಿನ ತಮ್ಮ” ಎನ್ನಿ. ಎಲ್ಲ ತಿಳಿದ ಅಪ್ಪ ಇಷ್ಟು ಸುಲಭದ ಒಗಟಿನಲ್ಲಿ ಸೋತರೆ ಮಗುವಿಗೆ ಅದಕ್ಕಿಂತ ದೊಡ್ಡ ನಗು ಇನ್ನೊಂದಿಲ್ಲ, ಮತ್ತು ಎರಡು ಮೂರು ಸುತ್ತು ಕಳೆಯುವಷ್ಟರಲ್ಲಿ ನಿಮಗೂ ನಿಜವಾದ ನಗುವೇ ಬರುತ್ತದೆ. ಕೆಲಸದ ಹೊತ್ತಿನಲ್ಲಿ ಬಂದರೆ, “ಈಗ ಒಂದು, ಊಟ ಆದ ಮೇಲೆ ಎರಡು” ಎಂದು ಗೊತ್ತು ಮಾಡಿ, ಊಟವಾದ ಮೇಲೆ ನೀವಾಗಿಯೇ ನೆನಪಿಸಿ ಕೇಳಿ. ಅಜ್ಜಿಯಿಂದ ಇನ್ನಷ್ಟು ಒಗಟುಗಳನ್ನೂ ಹೇಳಿಸಿ. “ಕಾಸಿನ ಕುದುರೆಗೆ ಬಾಲದ ಲಗಾಮು” ಎಂದು ಒಗಟು ಹಾಕಿ, ಉತ್ತರವಾಗಿ ಸೂಜಿ ದಾರವನ್ನು ಅವನ ಕಣ್ಣೆದುರು ಹಿಡಿದು ತೋರಿಸಿದರೆ ಆ ಗುಟ್ಟು ಹೊಳೆಯುವ ದಿನ ಹತ್ತಿರವಾಗುತ್ತದೆ.

ಪ್ರಶ್ನೆ: ನಾಲ್ಕು ವರ್ಷದ ಮಗ ಅಕ್ಕಿಹಿಟ್ಟಿನ ಡಬ್ಬಿಯನ್ನು ಬಗ್ಗಿಸಿ, ಸೋಫಾಗೆಲ್ಲ ಹಿಟ್ಟು ಬಳಿದಿದ್ದ. ಯಾರು ಮಾಡಿದ್ದು ಎಂದರೆ, ಹುಬ್ಬಿನ ಮೇಲೂ ಹಿಟ್ಟು ಮೆತ್ತಿಕೊಂಡು ನಿಂತಿದ್ದವನು, “ನಾನಲ್ಲ, ನನ್ನ ಕೈ ಮಾಡಿದ್ದು” ಎಂದ. ನಾನು ನಕ್ಕುಬಿಟ್ಟೆ. “ನೀವು ನಗುತ್ತೀರಿ, ಬೈಯುವ ಕೆಲಸ ನನ್ನ ಪಾಲಿಗೆ ಬರುತ್ತದೆ, ಮಕ್ಕಳ ಕಣ್ಣಿಗೆ ನಾನೊಬ್ಬಳೇ ಕೆಟ್ಟವಳು” ಎಂದು ಹೆಂಡತಿ ಬೇಸರಪಟ್ಟುಕೊಂಡಳು. — ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಶ್ರೀಮತಿಯವರ ಮಾತು ನೂರಕ್ಕೆ ನೂರು ಸರಿ. ನಗುವ ಅಪ್ಪ, ಬೈಯುವ ಅಮ್ಮ ಎಂಬ ಪಾಲು ನಮ್ಮ ಎಷ್ಟೋ ಮನೆಗಳಲ್ಲಿ ಯಾರೂ ಹೇಳದೆಯೇ ಆಗಿಹೋಗಿದೆ, ಮತ್ತು ಅದು ತಾಯಂದಿರಿಗೆ ಆಗುತ್ತಿರುವ ಅನ್ಯಾಯ. ಬಂದ ನಗುವನ್ನು ನುಂಗಬೇಕಿಲ್ಲ. ಆದರೆ ನಕ್ಕವರೇ ಮುಂದಿನ ಕೆಲಸವನ್ನೂ ಮಾಡಿಸಬೇಕು. “ಆ ಕೈಯೇ ಈಗ ಸೋಫಾ ಒರೆಸಲಿ, ಬಾ, ನನ್ನ ಕೈಯೂ ಸೇರಿಕೊಳ್ಳುತ್ತದೆ” ಎಂದು ಒಂದು ಒಣ ಬಟ್ಟೆ ಅವನಿಗೆ, ಒಂದು ನಿಮಗೆ. ಹಿಟ್ಟಿಗೆ ಮೊದಲೇ ನೀರು ಸೋಕಿಸಬೇಡಿ, ಅಂಟಿಕೊಳ್ಳುತ್ತದೆ. ಒರೆಸಿ ಮುಗಿಯುವವರೆಗೆ ಅವನನ್ನು ಬಿಡಬೇಡಿ, ಮತ್ತು ಆ ಹೊತ್ತಿನಲ್ಲಿ ನಿಮ್ಮ ಪತ್ನಿ ಬೇರೆ ಕೋಣೆಯಲ್ಲಿ ಕಾಫಿ ಕುಡಿಯುತ್ತಿರಲಿ. ಕೈಯ ಮೇಲೆ ತಪ್ಪು ಹೊರಿಸಿದ್ದನ್ನು ದೊಡ್ಡ ಸುಳ್ಳೆಂದು ಎಣಿಸಬೇಡಿ. ಮೂರು ನಾಲ್ಕು ವರ್ಷದಲ್ಲಿ ಇಂಥ ನಿರಾಕರಣೆ ಬಹಳಷ್ಟು ಮಕ್ಕಳಲ್ಲಿ ಕಾಣಿಸುತ್ತದೆ. ತನ್ನ ಮನಸ್ಸಿನಲ್ಲಿರುವುದು ಅಪ್ಪನ ಮನಸ್ಸಿನಲ್ಲಿ ಇಲ್ಲದಿರಬಹುದು ಎಂಬುದು ಮಗುವಿಗೆ ಆಗಷ್ಟೇ ಹೊಳೆಯತೊಡಗಿರುತ್ತದೆ. ಹುಬ್ಬಿನ ಹಿಟ್ಟು ತನ್ನನ್ನು ಹಿಡಿದುಕೊಡುತ್ತದೆ ಎಂಬಷ್ಟು ಮುಂದಾಲೋಚನೆ ಬರಲು ಇನ್ನೂ ಕಾಲ ಬೇಕು.

ಪ್ರಶ್ನೆ: ನಮ್ಮ ಏಳು ವರ್ಷದ ಮಗಳ ಮಾತುಗಳನ್ನೆಲ್ಲ ನನ್ನ ಗಂಡ ವಿಡಿಯೊ ಮಾಡಿ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಿಗೂ ಹಾಕುತ್ತಾರೆ. ಇತ್ತೀಚೆಗೆ ಅವಳು “ಅಪ್ಪನ ಮುಂದೆ ಮಾತಾಡಲ್ಲ” ಎನ್ನುತ್ತಾಳೆ. — ಓದುಗರೊಬ್ಬರು, ಬೆಂಗಳೂರು

ಉತ್ತರ: ಈ ಉತ್ತರವನ್ನು ನಿಮ್ಮ ಪತಿಗೆ ದಯವಿಟ್ಟು ಓದಿ ಹೇಳಿ. ಮಗುವಿನ ಖಾಸಗಿತನಕ್ಕೆ ಧಕ್ಕೆ ತರಬಾರದೆಂದು ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೆಯ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಆದರೆ ಅದಕ್ಕಿಂತ ನಿಮ್ಮ ಮಗಳ ಮಾತೇ ಮುಖ್ಯ. ಏಳು ವರ್ಷದವಳನ್ನು “ಇದನ್ನು ಅತ್ತೆಗೆ ಕಳುಹಿಸಲಾ?” ಎಂದು ಕೇಳಬಹುದು, ಬೇಡವೆಂದರೆ ಅಲ್ಲಿಗೇ ಬಿಡಬೇಕು. ಈಗಾಗಲೇ ಹಾಕಿದವುಗಳಲ್ಲಿ ಅವಳಿಗೆ ಇಷ್ಟವಿಲ್ಲದ್ದನ್ನು ಅವಳ ಎದುರೇ ಅಳಿಸಲಿ. ಒಮ್ಮೆ ಊರೆಲ್ಲ ಹಂಚಿದ ವಿಡಿಯೊ ಯಾರ ಯಾರ ಫೋನಿನಲ್ಲಿ ಉಳಿಯುತ್ತದೋ ಹೇಳಲಾಗದು, ಆದ್ದರಿಂದ ಮುಂದಿನದಾದರೂ ಮನೆಯೊಳಗೇ ಇರಲಿ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿ ಕೆಲಸದಲ್ಲಿದ್ದೇನೆ. ಹೆಂಡತಿ ಮತ್ತು ಎರಡೂವರೆ ವರ್ಷದ ಮಗಳು ಮಂಡ್ಯದಲ್ಲಿದ್ದಾರೆ. ವಿಡಿಯೊ ಕರೆ ಮಾಡಿದರೆ ಮಗಳು ಟವೆಲಿನಿಂದ ಕಣ್ಣು ಮುಚ್ಚಿಕೊಂಡು “ಅಪ್ಪಾ, ನಾನಿಲ್ಲ” ಎನ್ನುತ್ತಾಳೆ. ಮುದ್ದೆಯ ತುತ್ತನ್ನು ಫೋನಿನ ಪರದೆಗೆ ಒತ್ತಿ “ತಿನ್ನು” ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ನನಗೆ ನಗುವಿನ ಜೊತೆಗೆ ಸಂಕಟವೂ ಆಗುತ್ತದೆ. ನನ್ನನ್ನು ಅವಳು ಆಟಿಕೆಯೆಂದುಕೊಂಡಿದ್ದಾಳೆಯೇ? — ಓದುಗರೊಬ್ಬರು

ಉತ್ತರ: ಖಂಡಿತ ಇಲ್ಲ. ಆಟಿಕೆಗೆ ತಿನ್ನಿಸುವಾಗಲೂ ಮಕ್ಕಳು ಹೀಗೆಯೇ ಮಾಡುತ್ತಾರೆ ನಿಜ, ಆದರೆ “ನಾನಿಲ್ಲ” ಎಂದು ಅವಿತುಕೊಳ್ಳುವುದು ತನ್ನನ್ನು ಹುಡುಕಬಲ್ಲ ಮನುಷ್ಯರಿಂದ ಮಾತ್ರ. ಕಣ್ಣು ಮುಚ್ಚಿಕೊಂಡರೆ ತಾನು ಕಾಣೆನೆಂದು ಪುಟ್ಟ ಮಕ್ಕಳು ಏಕೆ ತಿಳಿಯುತ್ತಾರೆಂಬುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಮೂರು ನಾಲ್ಕು ವರ್ಷದ ಮಕ್ಕಳೊಡನೆ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ತಮ್ಮ ತಲೆ, ಮೈ ಎದುರಿನವರಿಗೆ ಕಾಣುತ್ತದೆಂದು ಆ ಮಕ್ಕಳಲ್ಲಿ ಹೆಚ್ಚಿನವರು ಒಪ್ಪಿಕೊಂಡರು. ಆದರೂ ಕಣ್ಣಿಗೆ ಕಣ್ಣು ಕೂಡುವವರೆಗೆ “ನಾನು” ಕಾಣುವುದಿಲ್ಲ ಎಂದರು. ಅಂದರೆ ನಿಮ್ಮ ಮಗಳು ಟವೆಲು ತೆಗೆಯುವುದು ನಿಮ್ಮ ಕಣ್ಣನ್ನು ಕೂಡಲಿಕ್ಕೆ. ಆದ್ದರಿಂದ ಅವಳು ಅವಿತಾಗ ಸುಮ್ಮನಿರಬೇಡಿ, “ಮಂಚದ ಕೆಳಗಿದ್ದಾಳಾ? ಅಡುಗೆಮನೆಯಲ್ಲಿದ್ದಾಳಾ?” ಎಂದು ಜೋರಾಗಿ ಹುಡುಕಿ. ತುತ್ತು ಕೊಟ್ಟಾಗ ಬಾಯಿ ದೊಡ್ಡದಾಗಿ ತೆರೆದು, ಜಗಿದು, ಖಾರವಾಯಿತೆಂದು ನೀರು ಕುಡಿಯಿರಿ.

ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡವೆಂದು ಹೇಳುವಾಗಲೂ ಬಂಧುಗಳೊಡನೆ ಆಗಾಗ ಮಾಡುವ ವಿಡಿಯೊ ಕರೆಗೆ ವಿನಾಯಿತಿ ಕೊಟ್ಟಿದೆ. ಎರಡೂವರೆ ವರ್ಷದ ನಿಮ್ಮ ಮಗಳ ವಿಷಯದಲ್ಲಿ ಆ ಅಳುಕು ಬೇಡ. ಒಮಾನ್‌ನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಮಂಡ್ಯದ ರಾತ್ರಿ ಎಂಟರ ಊಟ ನಿಮಗೆ ಸಂಜೆ ಆರೂವರೆ. ಕೆಲಸ ಮುಗಿಸಿ ಆ ಹೊತ್ತಿಗೆ ನೀವೂ ಏನಾದರೂ ತಿನ್ನಲು ಕುಳಿತರೆ ಅವಳ ತುತ್ತಿಗೆ ಪ್ರತಿಯಾಗಿ ನಿಮ್ಮದೊಂದು ತುತ್ತನ್ನು ಪರದೆಯತ್ತ ಹಿಡಿಯಬಹುದು. ರಜೆಯಲ್ಲಿ ಊರಿಗೆ ಬಂದಾಗ ಎದುರಿಗೆ ನಿಂತ ನಿಮ್ಮನ್ನು ಬಿಟ್ಟು ಅವಳು ಫೋನಿನೊಳಗಿನ ಅಪ್ಪನೇ ಬೇಕೆಂದು ಹಟ ಹಿಡಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಪಕ್ಕದ ಕೋಣೆಗೆ ಹೋಗಿ ಅಲ್ಲಿಂದಲೇ ವಿಡಿಯೊ ಕರೆ ಮಾಡಿ, ಎಂದಿನಂತೆ ಅವಳನ್ನು ಹುಡುಕುವ ಆಟ ಶುರುಮಾಡಿ, ಹುಡುಕುತ್ತ ಹುಡುಕುತ್ತ ಬಾಗಿಲು ದಾಟಿ ಬನ್ನಿ.