ಗೆರೆ ಮೇಲೇರಿದರೆ ಬಸ್ಸು ಘಾಟಿ ಹತ್ತಿದಂತಲ್ಲ
ದೂರ-ಕಾಲ ಗ್ರಾಫಿನಲ್ಲಿ ಗೆರೆ ಏರಿದರೆ “ಬಸ್ಸು ಘಾಟಿ ಹತ್ತುತ್ತಿದೆ” ಅಂತ ನಿಮ್ಮ ತರಗತಿಯ ಮಕ್ಕಳು ಬರೆಯುತ್ತಾರೆ, ವೇಗದ ಲೆಕ್ಕವನ್ನೂ ತಪ್ಪು ಮಾಡುತ್ತಾರೆ ಅಂದಿದ್ದೀರಿ. ಅವರು ಗ್ರಾಫನ್ನು ರಸ್ತೆಯ ಚಿತ್ರ ಅಂದುಕೊಂಡಿದ್ದಾರೆ; ಗೆರೆ ಏರಿದರೆ ಹೊರಟ ಜಾಗದಿಂದ ದೂರ ಹೆಚ್ಚಿತು ಅಂತಷ್ಟೇ ಅರ್ಥ. ಆಗುಂಬೆ ಕಡೆಯ ಮಕ್ಕಳಿಗೆ ಅದು ಸಹಜ ಅಲ್ವಾ. ವೇಗದ ಲೆಕ್ಕ ತಪ್ಪುವುದು ಬಹುಶಃ ನಿಮಿಷವನ್ನು ಗಂಟೆಗೆ ತರದೆ ಭಾಗಿಸುವುದರಿಂದ. ನೋಟ್‌ಬುಕ್ ನೋಡಿದರೆ ಗೊತ್ತಾಗುತ್ತದೆ.

ಮೊದಲು ಗ್ರಾಫ್ ಬದಿಗಿಡಿ. ಒಂದು ಬಸ್ಸು ಹೊರಟಿದೆ: ಶಿವಮೊಗ್ಗದಿಂದ ಮಂಡಗದ್ದೆಗೆ ಸುಮಾರು 30 ಕಿ.ಮೀ., 45 ನಿಮಿಷ. ಅಲ್ಲಿ 10 ನಿಮಿಷ ನಿಂತಿತು. ತೀರ್ಥಹಳ್ಳಿಗೆ ಇನ್ನೂ 30 ಕಿ.ಮೀ., 60 ನಿಮಿಷ. ಹೀಗೆ ಇಟ್ಟುಕೊಂಡು, ಯಾವ ಹೊತ್ತಿಗೆ ಶಿವಮೊಗ್ಗದಿಂದ ಎಷ್ಟು ದೂರ ಅನ್ನುವ ಪಟ್ಟಿಯನ್ನು ಅವರಿಂದಲೇ ಬರೆಸಿ, ಆಮೇಲೆ ಗೆರೆ ಎಳೆಸಿ. ನಿಂತಾಗ ಗೆರೆ ಅಡ್ಡ ಮಲಗುತ್ತದೆ. 30ನ್ನು ಮುಕ್ಕಾಲು ಗಂಟೆಯಿಂದ ಭಾಗಿಸಿದರೆ ಗಂಟೆಗೆ 40 ಕಿ.ಮೀ., ಎರಡನೇ ಭಾಗದಲ್ಲಿ 30. ಯಾವ ಗೆರೆ ಜಾಸ್ತಿ ಕಡಿದಾಗಿದೆ ಅಂತ ಕೇಳಿ. ಕೊನೆಗೆ ಬಸ್ಸು ವಾಪಸ್ ಬರುವುದನ್ನೂ ಎಳೆಸಿ. ರಸ್ತೆ ಏರಲಿ ಇಳಿಯಲಿ, ಶಿವಮೊಗ್ಗ ಹತ್ತಿರವಾದಂತೆ ಗೆರೆ ಕೆಳಗೇ ಬರುತ್ತದೆ.