ಹಳೆಯ ಹೆಸರು, ಹೊಸ ಫಲಕ

ಪ್ರಶ್ನೆ: ಬೇರೆ ಬೇರೆ ಊರುಗಳ ವಕೀಲರ ಕಚೇರಿಗಳು ಒಂದಾಗಿ ಇಂಗ್ಲೆಂಡಿನ ಎವರ್‌ಶೆಡ್ಸ್ ಸಂಸ್ಥೆ ರೂಪುಗೊಂಡಿತೆಂದು ಕೇಳಿದ್ದೇನೆ. ಅದು ಹೇಗಾಯಿತು? ನಮ್ಮ ಜಿಲ್ಲೆಗಳ ವಕೀಲರಿಗೂ ಇದು ಸಾಧ್ಯವೇ?
— ಒಬ್ಬ ಯುವ ವಕೀಲ, ಧಾರವಾಡ

ಉತ್ತರ: ಪಾಲುದಾರಿಕೆಯೊಂದರಲ್ಲಿ 20ಕ್ಕಿಂತ ಹೆಚ್ಚು ಪಾಲುದಾರರು ಇರಕೂಡದೆಂಬ ಮಿತಿ ಇಂಗ್ಲೆಂಡಿನಲ್ಲಿ ಬಹುಕಾಲ ಇತ್ತು. 1967ರ ಕಂಪನಿ ಕಾಯ್ದೆಯು ಸಾಲಿಸಿಟರ್‌ಗಳಿಗೆ (ಕಕ್ಷಿದಾರರಿಗೆ ನೇರವಾಗಿ ಕಾನೂನು ಸಲಹೆ ಕೊಡುವ ಅಲ್ಲಿನ ವಕೀಲರಿಗೆ) ಅದರಿಂದ ವಿನಾಯಿತಿ ಕೊಟ್ಟ ಮೇಲೆಯೇ ದೊಡ್ಡ ವಿಲೀನಗಳಿಗೆ ದಾರಿ ತೆರೆಯಿತು. 1980ರ ದಶಕದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನ ಎವರ್‌ಶೆಡ್ ಅಂಡ್ ಟಾಮ್ಕಿನ್‌ಸನ್, ಲೀಡ್ಸಿನ ಹೆಪ್‌ವರ್ತ್ ಅಂಡ್ ಚಾಡ್ವಿಕ್, ನಾರಿಚ್‌ನ ಡೇನ್ಸ್ ಹಿಲ್ ಅಂಡ್ ಪರ್ಕ್ಸ್, ಕಾರ್ಡಿಫಿನ ಫಿಲಿಪ್ಸ್ ಅಂಡ್ ಬಕ್ ಮೊದಲಾದ ಕಚೇರಿಗಳು ಕೈಜೋಡಿಸಿದವು. ಇವೆಲ್ಲ ಲಂಡನ್ನಿನ ಹೊರಗೆ, ತಮ್ಮ ತಮ್ಮ ಊರುಗಳಲ್ಲಿ ಬೇರೂರಿದ್ದ ಕಚೇರಿಗಳು ಎಂಬುದೇ ಈ ಇತಿಹಾಸದ ಹಿರಿಮೆ.

ನನಗೆ ಬಹಳ ಮೆಚ್ಚುಗೆಯಾದದ್ದು ಅವರು ಹೆಸರನ್ನು ನಿಭಾಯಿಸಿದ ರೀತಿ. ಹಳೆಯ ಹೆಸರುಗಳನ್ನು ಒಮ್ಮೆಲೇ ಅಳಿಸಿಹಾಕದೆ, ಲೀಡ್ಸಿನಲ್ಲಿ 'ಎವರ್‌ಶೆಡ್ಸ್ ಹೆಪ್‌ವರ್ತ್ ಅಂಡ್ ಚಾಡ್ವಿಕ್' ಎಂದೂ ಕಾರ್ಡಿಫಿನಲ್ಲಿ 'ಎವರ್‌ಶೆಡ್ಸ್ ಫಿಲಿಪ್ಸ್ ಅಂಡ್ ಬಕ್' ಎಂದೂ ಕೆಲವು ವರ್ಷ ಜೋಡಿ ಹೆಸರುಗಳನ್ನೇ ಬಳಸಿದರು. ಅಪ್ಪನ ಕಾಲದಿಂದ ಒಂದೇ ಕಚೇರಿಯ ಮೆಟ್ಟಿಲು ಹತ್ತಿದ ಕಕ್ಷಿದಾರನಿಗೆ ಪರಿಚಿತ ಹೆಸರು ಕಣ್ಣಿಗೆ ಬೀಳುವುದು ಎಷ್ಟು ದೊಡ್ಡ ಧೈರ್ಯವೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. 2017ರಲ್ಲಿ ಅಮೆರಿಕದ ಸದರ್‌ಲ್ಯಾಂಡ್ ಸಂಸ್ಥೆಯೊಡನೆ ಕೂಡಿದಾಗಲೂ ಎರಡೂ ಹೆಸರುಗಳು ಉಳಿದವು.

ನಮ್ಮಲ್ಲಿಯೂ ಕಾನೂನಿನ ಅಡ್ಡಿ ದೊಡ್ಡದಲ್ಲ. 2008ರ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಕಾಯ್ದೆಯಲ್ಲಿ ಪಾಲುದಾರರ ಸಂಖ್ಯೆಗೆ ಗರಿಷ್ಠ ಮಿತಿಯಿಲ್ಲ; ಆದರೆ ವಕೀಲರಲ್ಲದವರೊಡನೆ ಸಂಭಾವನೆ ಹಂಚಿಕೊಳ್ಳುವಂತಿಲ್ಲವೆಂಬ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ನಿಯಮವನ್ನು ಮರೆಯಬಾರದು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಎರಡೂ ಕಚೇರಿಗಳ ಕಡತಗಳನ್ನು ಒಟ್ಟಿಗೆ ಇಟ್ಟುಕೊಂಡು ಕಕ್ಷಿದಾರರ ಹೆಸರುಗಳನ್ನು ತಾಳೆ ನೋಡಿರಿ. ಜಿಲ್ಲಾ ಕೇಂದ್ರದಂಥ ಊರಿನಲ್ಲಿ ಒಂದೇ ಜಮೀನಿನ ಪಾಲುವಿಭಾಗದ ದಾವೆಯಲ್ಲಿ ಅಣ್ಣನ ವಕಾಲತ್ತು ನಿಮ್ಮಲ್ಲಿಯೂ ತಮ್ಮನ ವಕಾಲತ್ತು ನೀವು ಕೂಡಿಕೊಳ್ಳಲಿರುವ ಕಚೇರಿಯಲ್ಲಿಯೂ ಇರುವ ಸಂಭವ ಹೆಚ್ಚು. ಒಂದಾದ ಮೇಲೆ ಒಂದೇ ಕಚೇರಿ ಎದುರಾಳಿಗಳಿಬ್ಬರ ಪರವಾಗಿಯೂ ನಿಲ್ಲುವಂತಿಲ್ಲ; ಹಾಗಿದ್ದರೆ ಇಬ್ಬರಿಗೂ ಮೊದಲೇ ತಿಳಿಸಿ, ಬೇರೆ ವಕೀಲರನ್ನು ನೇಮಿಸಿಕೊಳ್ಳಲು ಸಾಕಷ್ಟು ಕಾಲಾವಕಾಶ ಕೊಡಬೇಕು.